ಮುಂದಿನ ನೆಕ್ ಎಷ್ಟಿರಬೇಕು? ತುಂಬು ಎದೆಯವರಿಗೆ ಬ್ಲೌಸ್, ಕುರ್ತಿ ಆಯ್ಕೆಯ ಲೆಕ್ಕ

“ಮುಂದೆ ಎಷ್ಟು ಇಡ್ಲಮ್ಮಾ?”

“ಜಾಸ್ತಿ ಡೀಪ್ ಬೇಡಕ್ಕಾ, ನಾರ್ಮಲ್ಲಾಗಿ ಇಡಿ.”

ಕೋಲಾರದ ಯಾವ ಬೀದಿಯ ಲೇಡೀಸ್ ಟೈಲರ್ ಅಂಗಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ತೊಂದರೆ ಹುಟ್ಟುವುದೂ ಇಲ್ಲೇ. ಒಬ್ಬ ಟೈಲರಿನ ನಾರ್ಮಲ್ 6 ಇಂಚು, ಪಕ್ಕದಂಗಡಿಯವರದು 7. ಅದು ಹೋಗಲಿ, 34ರ ಎದೆಯಳತೆಯವರಿಗೆ ಪೂರ್ತಿ ಮುಚ್ಚುವ 6 ಇಂಚಿನ ನೆಕ್ಕೇ 42ರವರು ಹಾಕಿಕೊಂಡು ಬಗ್ಗಿದ ಕೂಡಲೇ ಬಾಯಿ ಬಿಡುತ್ತದೆ. ಆಗ ಎಲ್ಲರೂ ನೆಕ್ಕಿನ ಆಳವನ್ನೇ ದೂರುತ್ತಾರೆ. ಮುಂದಿನ ಸಲ ಗಂಟಲಿಗೆ ತಾಗುವಷ್ಟು ಮೇಲೆ ಹೊಲಿಸುತ್ತಾರೆ, ಏಪ್ರಿಲ್ ಬಿಸಿಲಿನಲ್ಲಿ ಬೇಯುತ್ತಾರೆ. ಅಷ್ಟಾದರೂ ಎರಡು ಹುಕ್ಕಿನ ನಡುವೆ ಸಂದು ಬಿಟ್ಟುಕೊಂಡೇ ಇರುತ್ತದೆ. ಆಳದ ಪಾಲು ಇದರಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಕಟಿಂಗ್, ನೆಕ್ಕಿನ ಅಗಲ ಮತ್ತು ಒಳಗೆ ಹಾಕುವ ಬ್ರಾಗೆ ಸೇರಿದ್ದು.

ಎಷ್ಟು ಮುಚ್ಚಬೇಕು ಎನ್ನುವುದು ಹಾಕಿಕೊಳ್ಳುವವರ ಇಷ್ಟ. ಮುಚ್ಚಬೇಕು ಎಂದುಕೊಂಡವರಿಗೆ ಯಾವುದು ನಿಲ್ಲುತ್ತದೆ, ಯಾವುದು ಕೈಕೊಡುತ್ತದೆ ಎನ್ನುವುದಷ್ಟೇ ಇಲ್ಲಿಯ ವಿಷಯ.

ಮೊದಲು ಮೂರು ಅಳತೆ

ಬ್ಲೌಸಿನೊಳಗೆ ಯಾವ ಬ್ರಾ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಅಳೆಯಿರಿ. ಟೇಪಿನ ತುದಿಯನ್ನು ಕತ್ತು ಮತ್ತು ಭುಜ ಸೇರುವ ಜಾಗದಲ್ಲಿಟ್ಟು ನೇರ ಕೆಳಗೆ ಬಿಡಿ. ಎದೆಸೀಳಿನ ಗೆರೆ ಎಲ್ಲಿ ಶುರುವಾಗುತ್ತದೋ ಆ ಮಟ್ಟದಲ್ಲಿ ಟೇಪು ಎಷ್ಟು ತೋರಿಸುತ್ತದೆ ನೋಡಿ. 7 ಎಂದಿಟ್ಟುಕೊಳ್ಳೋಣ. ಬಗ್ಗಿದಾಗ ಬಟ್ಟೆ ಮೈಯಿಂದ ಬಿಟ್ಟುಕೊಳ್ಳುವುದರಿಂದ ಅದರಲ್ಲಿ ಒಂದೂವರೆ ಇಂಚು ಕಳೆಯಿರಿ. ಉಳಿದ 5½ ನಿಮ್ಮ ನೆಕ್. ಇದು ಹೊಲಿದ ಮೇಲಿನ ಅಳತೆ ಎಂದು ಒತ್ತಿ ಹೇಳಬೇಕು. ನೆಕ್ಕಿಗೆ ಒಳಪಟ್ಟಿ ಕೊಟ್ಟು ತಿರುಗಿಸಿ ಹೊಲಿದಾಗ ಕಾಲು ಇಂಚು ಬಟ್ಟೆ ಒಳಗೆ ಹೋಗುತ್ತದೆ, ನೆಕ್ ಅಷ್ಟು ಕೆಳಗಿಳಿಯುತ್ತದೆ. ಕಟಿಂಗ್‌ನಲ್ಲಿ 5¼ ಇಟ್ಟರೆ ಮಾತ್ರ ಕೊನೆಗೆ 5½ ಸಿಗುವುದು.

ಎರಡನೆಯದು ಮೇಲೆದೆ. ಟೇಪನ್ನು ಕಂಕುಳ ಕೆಳಗಿಂದ ತಂದು ಎದೆ ಉಬ್ಬುವುದಕ್ಕಿಂತ ಮೇಲೆ ಸುತ್ತಿದಾಗ ಬರುವ ಅಳತೆ. ಮೂರನೆಯದು ಎದೆಯ ಅತಿ ತುಂಬಿದ ಜಾಗದ ಸುತ್ತಳತೆ. ಈ ಎರಡರ ನಡುವಿನ ವ್ಯತ್ಯಾಸದಲ್ಲೇ ಎಲ್ಲ ಗುಟ್ಟು ಇದೆ. ಅಚ್ಚಾದ ಪ್ಯಾಟರ್ನುಗಳನ್ನು ಹೆಚ್ಚಾಗಿ 2 ಇಂಚು ವ್ಯತ್ಯಾಸಕ್ಕೆ ಬರೆದಿರುತ್ತಾರೆ. ಮೇಲೆದೆ 36, ಎದೆ 40 ಇರುವವರಿಗೆ 40ರ ಲೆಕ್ಕದಲ್ಲೇ ಎಲ್ಲವನ್ನೂ ಕತ್ತರಿಸಿದರೆ ಭುಜ, ಕತ್ತು, ಕಂಕುಳು ಎಲ್ಲವೂ ದೊಡ್ಡದಾಗುತ್ತವೆ. ಎದೆಗೆ ಸರಿಹೋದ ಬ್ಲೌಸ್ ಕತ್ತಿನ ಹತ್ತಿರ ಚೀಲದ ಬಾಯಿಯಂತೆ ನಿಂತುಕೊಳ್ಳುತ್ತದೆ. ಭುಜ ಮತ್ತು ನೆಕ್ಕನ್ನು 36ರ ಲೆಕ್ಕಕ್ಕೆ ಕತ್ತರಿಸಿ, ಬೇಕಾದ ಜಾಗವನ್ನು ಎದೆಯ ಹತ್ತಿರ ಮಾತ್ರ ಡಾರ್ಟಿನಲ್ಲೋ (ಉಬ್ಬು ಬರಲು ಬಟ್ಟೆ ಚಿವುಟಿ ಹೊಲಿಯುವ ಚೂಪು ಮಡಿಕೆ) ಕಪ್ಪಿನಲ್ಲೋ ಕೊಡುವುದೇ ಸರಿಯಾದ ದಾರಿ. ಪಳಗಿದ ಟೈಲರಿಗೆ ಇದು ಹೊಸದೇನಲ್ಲ. ಆದರೆ ಅಳತೆ ಬ್ಲೌಸ್ ಒಂದನ್ನು ಕೊಟ್ಟು “ಇದರಂಗೇ ಹೊಲೀರಿ” ಎಂದರೆ ಹಳೆಯದರ ತಪ್ಪು ಹೊಸದಕ್ಕೂ ಬರುತ್ತದೆ.

ಬ್ರಾ ವಿಷಯದಲ್ಲಿ ಒಂದು ಮಾತು. ಎದೆ ದೊಡ್ಡದಾದಂತೆ ಸುತ್ತಿನ ನಂಬರ್ ಮಾತ್ರ ಏರಿಸುತ್ತಾ ಹೋಗುವುದು ನಮ್ಮಲ್ಲಿ ರೂಢಿ: 34, 36, 38. ಕಪ್ಪಿನ ಗಾತ್ರ ಹೇಳುವ ಅಕ್ಷರ ಮಾತ್ರ ಬಿ ಯಲ್ಲೇ ನಿಂತಿರುತ್ತದೆ. 38 ಬಿ, 36 ಸಿ, 34 ಡಿ ಈ ಮೂರರ ಕಪ್ ಹಿಡಿಯುವುದು ಒಂದೇ ಗಾತ್ರ, ಬದಲಾಗುವುದು ಸುತ್ತಳತೆ ಮಾತ್ರ. ಎದೆಯ ಕೆಳಗೆ 34 ಇರುವವರು 38 ಬಿ ಹಾಕಿದರೆ ಬೆನ್ನಿನ ಪಟ್ಟಿ ಮೇಲಕ್ಕೇರುತ್ತದೆ, ಎದೆ ಕೆಳಗಿಳಿಯುತ್ತದೆ, ಭಾರವೆಲ್ಲ ಭುಜದ ಪಟ್ಟಿಯ ಮೇಲೆ ಬಿದ್ದು ಕೆಂಪು ಬರೆ ಮೂಡುತ್ತದೆ. ಇನ್ನು ಕಪ್ಪೇ ಚಿಕ್ಕದಾದರೆ ಎದೆಯ ಮೇಲ್ಭಾಗ ಅಂಚಿನಾಚೆ ಉಕ್ಕುತ್ತದೆ, ಗೆರೆ ಒಂದು ಇಂಚು ಮೇಲೆ ಬಂದು ಕೂರುತ್ತದೆ. ಆಗ 5½ ಇಂಚಿನ ನೆಕ್ ಇಟ್ಟೂ ಪ್ರಯೋಜನವಿಲ್ಲ. ಪೂರ್ತಿ ಮುಚ್ಚುವ ಕಪ್ಪಿನ, ತೆಳು ಬಟ್ಟೆಯ ಬ್ರಾ ಇದಕ್ಕೆ ಒಳ್ಳೆಯದು. ಮಿನಿಮೈಸರ್ ಎಂಬ ಬ್ರಾ ಎದೆಯನ್ನು ಅಗಲಕ್ಕೆ ಹರಡಿ ಮುಂಚಾಚು ತಗ್ಗಿಸುತ್ತದೆ. ಆದರೆ ಅದನ್ನು ಹಾಕಿಕೊಂಡು ಅಳತೆ ಕೊಟ್ಟ ಬ್ಲೌಸಿಗೆ ಬೇರೆ ಬ್ರಾ ಹಾಕಿದ ದಿನ ಹುಕ್ಕೇ ಕೂಡುವುದಿಲ್ಲ.

ಯಾವ ಕಟಿಂಗ್?

ನಾಲ್ಕು ಡಾರ್ಟಿನ ಸಾದಾ ಬ್ಲೌಸ್ ಬೇಗ ಆಗುತ್ತದೆ, ಕೂಲಿಯೂ ಕಡಿಮೆ. ಮೇಲೆದೆ ಮತ್ತು ಎದೆಯ ವ್ಯತ್ಯಾಸ 3 ಇಂಚಿನೊಳಗಿದ್ದರೆ ಇಷ್ಟೇ ಸಾಕು. ಅದಕ್ಕೂ ಹೆಚ್ಚಾದಾಗ ಡಾರ್ಟಿನ ಬಾಯಿ ಅಗಲವಾಗುತ್ತಾ ಹೋಗಿ ತುದಿ ಚೂಪಾಗುತ್ತದೆ, ಎದೆ ಶಂಕುವಿನಂತೆ ಕಾಣುತ್ತದೆ. ತುಂಬು ಎದೆಗೆ ಡಾರ್ಟನ್ನು ಪಾಯಿಂಟಿಗೆ, ಅಂದರೆ ಎದೆಯ ತುದಿಗೆ, ಒಂದು ಇಂಚು ಮೊದಲೇ ನಿಲ್ಲಿಸಬೇಕು. ಪಾಯಿಂಟಿನವರೆಗೂ ಎಳೆದು ಹೊಲಿಯುವುದೇ ಹೆಚ್ಚು ಕಾಣುವ ತಪ್ಪು.

ಕ್ರಾಸ್ ಕಟ್ ವಯಸ್ಸಾದವರ ಮೆಚ್ಚಿನದು. ಬಟ್ಟೆಯನ್ನು ನೇಯ್ಗೆಗೆ ಓರೆಯಾಗಿ ಕತ್ತರಿಸಿ ಓರೆ ಎಳೆಯಲ್ಲಿಡುವುದರಿಂದ ಮೈಗೆ ಒಗ್ಗಿ ಕೂರುತ್ತದೆ, ಕೈ ಎತ್ತಿದರೂ ಎಳೆಯುವುದಿಲ್ಲ. ಆದರೆ ಅದೇ ಓರೆ ಎಳೆ ನಾಲ್ಕೈದು ಒಗೆತ ಕಂಡ ಮೇಲೆ ಜಗ್ಗುತ್ತದೆ. ಮೊದಲ ದಿನ 5½ ಇದ್ದ ನೆಕ್ ಆರು ತಿಂಗಳಿಗೆ 6 ದಾಟಿರುತ್ತದೆ. ಕ್ರಾಸ್ ಕಟ್ಟೇ ಬೇಕೆನ್ನುವವರು ಲೈನಿಂಗನ್ನು ನೇರ ಎಳೆಯಲ್ಲಿ ಹಾಕಿಸಬೇಕು, ಜೊತೆಗೆ ನೆಕ್ಕಿನ ಅಂಚಿನೊಳಗೆ ಜಗ್ಗದ ತೆಳು ಟೇಪೊಂದನ್ನು ಸೇರಿಸಿ ಹೊಲಿಸಬೇಕು.

ನಿಜವಾದ ಪೈಪೋಟಿ ಇರುವುದು ಕಟೋರಿ ಮತ್ತು ಪ್ರಿನ್ಸೆಸ್ ಕಟ್ ನಡುವೆ. ಕಟೋರಿಯಲ್ಲಿ ಎದೆಯ ಭಾಗವನ್ನು ಬಟ್ಟಲಿನಂತೆ ಬೇರೆಯೇ ಕತ್ತರಿಸಿ ಜೋಡಿಸುತ್ತಾರೆ. ಬಟ್ಟಲಿಗೆ ಎಷ್ಟು ಬೇಕೋ ಅಷ್ಟು ಜಾಗ ಕೊಟ್ಟು, ಮೇಲಿನ ತುಂಡನ್ನು ಮೇಲೆದೆಯ ಅಳತೆಗೇ ಬಿಗಿಯಾಗಿ ಇಡಬಹುದು. ಹಾಗಾಗಿ ನೆಕ್ ಮೈಗೆ ಅಂಟಿ ಕೂರುತ್ತದೆ. 4 ಇಂಚಿಗೂ ಹೆಚ್ಚು ವ್ಯತ್ಯಾಸ ಇರುವವರಿಗೆ ನಮ್ಮ ಮತ ಕಟೋರಿಗೇ. ದೋಷ ಒಂದಿದೆ: ಎದೆಯ ಮೇಲೆ ಹಾದುಹೋಗುವ ಹೊಲಿಗೆ ತೆಳು ಜಾರ್ಜೆಟ್ ಸೀರೆಯೊಳಗಿಂದ ಎದ್ದು ಕಾಣುತ್ತದೆ. ಪ್ರಿನ್ಸೆಸ್ ಕಟ್‌ನಲ್ಲಿ ಕಂಕುಳಿಂದಲೋ ಭುಜದಿಂದಲೋ ಪಾಯಿಂಟ್ ಮೇಲೆ ಹಾದು ಸೊಂಟಕ್ಕಿಳಿಯುವ ಉದ್ದ ಹೊಲಿಗೆ ಮಾತ್ರ ಇರುತ್ತದೆ. ನೋಟ ನೀಟು. ಹಿಂದೆ ಹುಕ್ಕೋ ಪಕ್ಕದಲ್ಲಿ ಜಿಪ್ಪೋ ಕೊಟ್ಟರೆ ಮುಂದೆ ಹುಕ್ಕಿನ ಸಂದೇ ಇರುವುದಿಲ್ಲ, ತುಂಬು ಎದೆಯವರಿಗೆ ಇದು ದೊಡ್ಡ ಲಾಭ. ಆದರೆ ಪಾಯಿಂಟ್ ಅರ್ಧ ಇಂಚು ತಪ್ಪಿದರೂ ಇಡೀ ಬ್ಲೌಸ್ ಕೆಟ್ಟಿತು. ಆಮೇಲೆ ತಿದ್ದುವುದಕ್ಕೂ ಕಷ್ಟ. ಹಿಂದಿನ ಹುಕ್ ಹಾಕಲು ಮನೆಯಲ್ಲಿ ಇನ್ನೊಬ್ಬರು ಬೇಕು, ಎದೆಹಾಲು ಕುಡಿಸುವ ತಾಯಂದಿರಿಗಂತೂ ಇದು ಬೇಡವೇ ಬೇಡ. ಅವರು ಮುಂದೆ ಹುಕ್ಕಿರುವ ಕಟೋರಿ ಹೊಲಿಸಲಿ.

ಮುಂದೆ ಹುಕ್ ಇಡುವುದಾದರೆ ಲೆಕ್ಕ ಬೇರೆ. ಐದು ಹುಕ್ ಸಾಲದು, ಆರೋ ಏಳೋ ಬೇಕು. ಒಂದರಿಂದ ಇನ್ನೊಂದಕ್ಕೆ ಒಂದೂಕಾಲು ಇಂಚಿಗಿಂತ ಹೆಚ್ಚು ದೂರ ಬೇಡ. ಒಂದು ಹುಕ್ ಪಾಯಿಂಟಿನ ಮಟ್ಟಕ್ಕೇ ಬೀಳಬೇಕು, ಏಕೆಂದರೆ ಎಳೆತ ಹೆಚ್ಚಿರುವುದು ಅಲ್ಲೇ. ಹುಕ್ ಪಟ್ಟಿಯ ಅಡಿ ಬರುವ ಪಟ್ಟಿ ಮುಕ್ಕಾಲು ಇಂಚಾದರೂ ಅಗಲವಿದ್ದರೆ ಸಂದು ಬಿಟ್ಟರೂ ಮೈ ಕಾಣದು.

ಬಟ್ಟೆಯ ಲೆಕ್ಕವನ್ನೂ ನೋಡಿ. ಸೀರೆಯ ಜೊತೆ ಬರುವ 80 ಸೆಂ.ಮೀ. ಪೀಸಿನಲ್ಲಿ 40ಕ್ಕೆ ಮೇಲ್ಪಟ್ಟ ಎದೆಗೆ ಮೊಣಕೈ ತೋಳಿನ ಕಟೋರಿ ತೆಗೆಯುವುದು ಕಷ್ಟ. ಕಂಕುಳಲ್ಲಿ ತೇಪೆ ಬೀಳುತ್ತದೆ, ಇಲ್ಲವೇ ಪಕ್ಕದಲ್ಲಿ ಬಿಡಬೇಕಾದ ಬಟ್ಟೆಯೇ ಇರುವುದಿಲ್ಲ. ಮ್ಯಾಚಿಂಗ್ ಸೆಂಟರಿನಲ್ಲಿ ಟೂ ಬೈ ಟೂ ರುಬಿಯಾ ಎಂಬ ಬ್ಲೌಸ್ ಬಟ್ಟೆ ತೆಗೆದುಕೊಳ್ಳುವುದಾದರೆ 1 ಮೀಟರ್ ಕೇಳಿ. ಲೈನಿಂಗ್ ಬಟ್ಟೆಯನ್ನು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಕೊಡಿ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ನೆಕ್ಕಿನ ಸುತ್ತ ಉಬ್ಬಿ ಸುಕ್ಕಾಗುತ್ತದೆ. ರೇಷ್ಮೆ ಬ್ಲೌಸನ್ನು ಮೈಗೆ ಬಿಗಿ ಹೊಲಿಸಬೇಡಿ. ರೇಷ್ಮೆ ಜಗ್ಗದು, ಎಳೆ ಸರಿದು ಹೊಲಿಗೆಯ ಪಕ್ಕ ಬಾಯಿ ಬಿಡುತ್ತದೆ.

ನೆಕ್ಕಿನ ಆಕಾರ

ಆಳ ಒಂದೇ ಇದ್ದರೂ ಆಕಾರ ಬದಲಾದರೆ ಕಾಣುವುದು ಬದಲಾಗುತ್ತದೆ. ಪಾಟ್ ನೆಕ್ ಅಥವಾ ಮಟ್ಕಾ ಕೆಳಗೆ ಅಗಲ, ಮೇಲೆ ಕಿರಿದು. 6 ಇಂಚಿನಲ್ಲಿ ಅತಿ ಹೆಚ್ಚು ತೋರಿಸುವುದು ಇದೇ. ಚೌಕದ ನೆಕ್ಕೂ ಹೆಚ್ಚುಕಡಿಮೆ ಹಾಗೆಯೇ, ಬಗ್ಗಿದಾಗ ಅದರ ಎರಡು ಮೂಲೆ ಬೇರೆ ಎದ್ದು ನಿಲ್ಲುತ್ತವೆ. ಹೃದಯದ ಆಕಾರದ ಸ್ವೀಟ್‌ಹಾರ್ಟ್‌ನ ತಗ್ಗು ಸರಿಯಾಗಿ ಗೆರೆಯ ಮೇಲೇ ಬೀಳುತ್ತದೆ, ಮುಚ್ಚಬೇಕೆನ್ನುವವರ ಪಟ್ಟಿಯಿಂದ ಅದನ್ನು ತೆಗೆದೇಬಿಡಿ.

ವಿ ನೆಕ್ ಬಗ್ಗೆ ಸುಮ್ಮನೆ ಭಯವಿದೆ. ಕೆಳಗೆ ಕಿರಿದಾಗುವುದರಿಂದ 5 ಇಂಚಿನ ವಿ ತೋರಿಸುವುದು ಅತಿ ಕಡಿಮೆ, ಕತ್ತೂ ಉದ್ದ ಕಾಣುತ್ತದೆ, ಎದೆಯ ಅಗಲ ಮುರಿಯುತ್ತದೆ. ಆದರೆ ಅದರ ಎರಡೂ ಅಂಚು ಓರೆ ಎಳೆ, ಟೇಪಿಲ್ಲದೆ ಹೊಲಿದರೆ ಜಗ್ಗುತ್ತದೆ. ಅಂಚಿಗಿಂತ ಕಾಲು ಇಂಚು ಗಿಡ್ಡಗೆ ಕತ್ತರಿಸಿದ ಟೇಪನ್ನು ಪ್ರತಿ ಬದಿಗೂ ಹಿಡಿಸಿ ಹೊಲಿದರೆ ನೆಕ್ ಮೈಯತ್ತ ಬಾಗುತ್ತದೆ.

ಭುಜದಿಂದ ಭುಜಕ್ಕೆ ಅಡ್ಡಲಾಗಿ ಹಾಯುವ ಬೋಟ್ ನೆಕ್ ಮೂರು, ಮೂರೂವರೆ ಇಂಚಿಗೇ ನಿಲ್ಲುತ್ತದೆ, ಬಗ್ಗಿದರೂ ಏನೂ ಕಾಣದು. ರೈಲಿನಲ್ಲಿ, ಬಸ್ಸಿನಲ್ಲಿ ನಿಂತವರ ಮುಂದೆ ಕೂರಬೇಕಾದವರಿಗೆ ಇದಕ್ಕಿಂತ ನಿಶ್ಚಿಂತೆ ಬೇರಿಲ್ಲ. ಆದರೆ ಕತ್ತಿನಿಂದ ಸೊಂಟದವರೆಗೆ ಒಂದೇ ಬಟ್ಟೆಯ ಹರವಾಗಿ ಎದೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅಗಲ ಹೆಚ್ಚಾದರೆ ಬ್ರಾ ಪಟ್ಟಿ ಇಣುಕುತ್ತದೆ, ಭುಜದ ತುದಿಯಿಂದ ಒಂದೊಂದು ಬದಿಗೂ ಒಂದೂವರೆ ಇಂಚು ಬಟ್ಟೆ ಉಳಿಯಬೇಕು. ಕಾಲರ್ ನೆಕ್ ಮುಚ್ಚುವುದು ನಿಜ, ಬೇಸಿಗೆಗಲ್ಲ. ಕತ್ತು ಗಿಡ್ಡ ಇರುವವರಿಗೂ ಅಲ್ಲ.

ಇನ್ನು ಹಿಂದಿನ ನೆಕ್. ಮುಂದೆ ಮುಚ್ಚಿ ಹಿಂದೆ ಹತ್ತು ಇಂಚು ಇಳಿಸುವ ಫ್ಯಾಷನ್ ಇದೆಯಲ್ಲ, ಮುಂದಿನ ಲೆಕ್ಕ ಕೆಡುವುದು ಅಲ್ಲೇ. ಹಿಂದೆ ಹಿಡಿದುಕೊಳ್ಳಲು ಬಟ್ಟೆ ಇಲ್ಲದಿದ್ದರೆ ಭುಜ ಹೊರಕ್ಕೆ ಜಾರುತ್ತದೆ, ಎದೆಯ ಭಾರ ಮುಂಭಾಗವನ್ನು ಕೆಳಗೆಳೆಯುತ್ತದೆ. ಹಿಂದೆ 7 ಇಂಚಿನವರೆಗೆ ತೊಂದರೆಯಿಲ್ಲ. ಅದಕ್ಕಿಂತ ಇಳಿಸುವುದಾದರೆ ಮೇಲೆ ಡೋರಿ ಕಡ್ಡಾಯ, ಅದು ಅಂದಕ್ಕಲ್ಲ, ಭುಜ ಹಿಡಿಯಲು. ನೆಕ್ಕಿನ ಅಗಲ ಒಟ್ಟು 6 ಇಂಚಿನ ಆಸುಪಾಸಿರಲಿ.

ರಂಗೋಲಿ ಪರೀಕ್ಷೆ

ಟ್ರಯಲ್ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತು “ಸರಿಯಿದೆ” ಎಂದುಬಿಡಬೇಡಿ. ಬಾಗಿಲ ಮುಂದೆ ರಂಗೋಲಿ ಬಿಡುವಂತೆ ಸೊಂಟದಿಂದ ಬಗ್ಗಿ, ತಲೆಯೆತ್ತಿ ಕನ್ನಡಿ ನೋಡಿ. ನೆಕ್ ಮೈಯಿಂದ ಎರಡು ಬೆರಳಿಗಿಂತ ಹೆಚ್ಚು ಬಿಟ್ಟುಕೊಂಡರೆ ಆಳ ತಗ್ಗಿಸಿ ಪ್ರಯೋಜನವಿಲ್ಲ, ಮೇಲೆದೆಯ ಭಾಗವೇ ಸಡಿಲವಾಗಿದೆ. ನೆಕ್ಕಿನ ಅಂಚಿನಲ್ಲಿ ಹೆಚ್ಚಿರುವ ಬಟ್ಟೆಯನ್ನು ಚಿವುಟಿ ಪಿನ್ ಹಾಕಿ, ಅದನ್ನು ಡಾರ್ಟಿನೊಳಗೋ ಕಟೋರಿ ಹೊಲಿಗೆಯೊಳಗೋ ಹಿಡಿಸಲು ಹೇಳಿ. ಆಮೇಲೆ ಎರಡೂ ಕೈ ಮೇಲೆತ್ತಿ. ಬೋರ್ಡಿನ ಮೇಲೆ ಬರೆಯುವ ಮೇಡಂಗಳಿಗೆ ಇದು ಮುಖ್ಯ: ಕಂಕುಳ ಸುತ್ತು ತೀರಾ ಕೆಳಗಿದ್ದರೆ ಕೈ ಎತ್ತಿದೊಡನೆ ಇಡೀ ಬ್ಲೌಸ್ ಮೇಲೇರುತ್ತದೆ. ಕೊನೆಗೆ ಸ್ಟೂಲ್ ಮೇಲೆ ಕೂತು, ಜೊತೆಗೆ ಬಂದವರನ್ನು ಪಕ್ಕದಲ್ಲಿ ನಿಂತು ನೋಡಲು ಹೇಳಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ರೈಲು ಹತ್ತುವವರಿಗೆ ಈ ಕೋನ ಚೆನ್ನಾಗಿ ಗೊತ್ತು. ಯಾವ ಕನ್ನಡಿಯೂ ಅದನ್ನು ತೋರಿಸುವುದಿಲ್ಲ.

ರೆಡಿಮೇಡ್ ಕುರ್ತಿ

ಅಂಗಡಿಯಲ್ಲಿ ಎಲ್ ಎಂದರೆ ಸಾಮಾನ್ಯವಾಗಿ 40, ಎಕ್ಸ್‌ಎಲ್ 42, ಡಬಲ್ ಎಕ್ಸ್‌ಎಲ್ 44. ಅದು ಮೈಯಳತೆಯೋ ಬಟ್ಟೆಯಳತೆಯೋ ಎನ್ನುವುದು ಕಂಪನಿಗೊಂದು ಥರ. ಟೇಪು ಹಿಡಿದು ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ, ನಿಮ್ಮ ಎದೆಗಿಂತ 2ರಿಂದ 3 ಇಂಚು ಹೆಚ್ಚಿದ್ದರೆ ಸರಿ. ಎದೆಗೆ ಸರಿಯಾದದ್ದು ಭುಜದಲ್ಲಿ ಜೋತುಬಿದ್ದರೂ ಎದೆಗೇ ಕೊಳ್ಳಿ. ಭುಜ ಚಿಕ್ಕದು ಮಾಡಬಹುದು, ಎದೆ ದೊಡ್ಡದು ಮಾಡಲಾಗದು. ಮುಂದೆ ಬಟನ್ ಸಾಲಿರುವ ಕುರ್ತಿ ಕೊಂಡರೆ ಎದೆಯ ಮಟ್ಟದಲ್ಲಿ ಎರಡು ಬಟನ್ನಿನ ನಡುವೆ ಒಳಗಿಂದ ಒತ್ತಿ ಕೂಡಿಸುವ ಟಿಚ್ ಬಟನ್ ಒಂದನ್ನು ಹೊಲಿದುಕೊಳ್ಳಿ.

“ನೆಕ್ ಡೀಪಾಯ್ತು, ಶೋಲ್ಡರ್ ಎತ್ತಿಬಿಡಿ” ಎನ್ನುವುದು ಸುಲಭದ ಉಪಾಯ. ಭುಜದ ಹೊಲಿಗೆಯಲ್ಲಿ ಅರ್ಧ ಇಂಚು ಹಿಡಿದರೆ ನೆಕ್ ಅರ್ಧ ಇಂಚು ಮೇಲೆ ಬರುತ್ತದೆ, ನಿಜ. ಜೊತೆಗೆ ಡಾರ್ಟೂ ಅರ್ಧ ಇಂಚು ಮೇಲೇರುತ್ತದೆ, ಕಂಕುಳು ಬಿಗಿಯಾಗುತ್ತದೆ. ಅರ್ಧ ಇಂಚಿಗಿಂತ ಹೆಚ್ಚು ಎತ್ತಿಸಬೇಡಿ.

ಕೊಂಡದ್ದು ಕೊಂಡಾಯಿತು, ಈಗೇನು?

ಒಳಗೆ ಸ್ಲಿಪ್ ಹಾಕುವುದು ಎಲ್ಲರಿಗೂ ಗೊತ್ತು. ಪಟ್ಟಿ ಗಿಡ್ಡ ಮಾಡಿಕೊಳ್ಳುವಂಥದ್ದಾದರೆ ಎಷ್ಟು ಬೇಕೋ ಅಷ್ಟು ಮೇಲೆತ್ತಬಹುದು. ಬೇಸಿಗೆಯಲ್ಲಿ ಇಡೀ ಮೈಗೆ ಇನ್ನೊಂದು ಪದರ ಎನ್ನುವುದೇ ಕಷ್ಟ. ಪಟ್ಟಿಯಿಲ್ಲದ ಟ್ಯೂಬ್ ತುಂಬು ಎದೆಯ ಮೇಲೆ ನಿಲ್ಲುವುದಿಲ್ಲ, ಹತ್ತು ಹೆಜ್ಜೆಗೆ ಕೆಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ಎರಡೂ ಬದಿ ಅಂಟುವ ಟೇಪು ಬೆವರಿಗೆ ಬಿಡುತ್ತದೆ, ಆರತಕ್ಷತೆಯ ಎರಡು ಗಂಟೆಗೆ ಸರಿ, ಇಡೀ ದಿನದ ಮದುವೆಗಲ್ಲ.

ಎಲ್ಲಕ್ಕಿಂತ ಮೇಲು ಟಿಚ್ ಬಟನ್ನಿನ ನೆಕ್ ತುಂಡು. ಗಾಳಿಯಾಡುತ್ತದೆ, ಬೇಡದ ದಿನ ಬಿಚ್ಚಿಡಬಹುದು, ಒಂದನ್ನೇ ನಾಲ್ಕು ಬ್ಲೌಸಿಗೆ ಬಳಸಬಹುದು. ಬ್ಲೌಸನ್ನು ಮೇಜಿನ ಮೇಲೆ ಹರಡಿ, ನೆಕ್ಕಿನಡಿ ಕಾಗದವಿಟ್ಟು ಅಂಚನ್ನು ಪೆನ್ಸಿಲಿನಲ್ಲಿ ಗುರುತಿಸಿ. ಎಲ್ಲಿಯವರೆಗೆ ಮುಚ್ಚಬೇಕೋ ಅಲ್ಲಿ ಅಡ್ಡ ಗೆರೆ ಎಳೆಯಿರಿ, ಆ ಗೆರೆ ನಡುವೆ ಕಾಲು ಇಂಚು ತಗ್ಗಿರಲಿ. ಪಕ್ಕಕ್ಕೂ ಕೆಳಗೂ ಒಂದೊಂದು ಇಂಚು ಸೇರಿಸಿ ಕತ್ತರಿಸಿ. ಬಟ್ಟೆ ಎರಡು ಪದರ ಬೇಕು. ಸೇರಿಸಿ ಹೊಲಿದು ತಿರುಗಿಸಿ, ಮೇಲಿನ ಅಂಚಿನೊಳಗೆ ಟೇಪು ಹಾಕಿ, ಇಲ್ಲದಿದ್ದರೆ ಅದೇ ಕಿವಿಯಂತೆ ಜೋತು ಬೀಳುತ್ತದೆ. ಬದಿಗೆ ಎರಡರಂತೆ ನಾಲ್ಕು ಟಿಚ್ ಬಟನ್ ಸಾಕು. ಬಟನ್ನಿನ ಉಬ್ಬಿದ ಭಾಗ ತುಂಡಿಗಿರಲಿ, ತಗ್ಗಿದ ಭಾಗ ಬ್ಲೌಸಿನ ಒಳಪಟ್ಟಿಗಿರಲಿ. ಆಗ ತುಂಡು ಬಿಚ್ಚಿಟ್ಟ ದಿನ ಮೈಗೆ ಚುಚ್ಚದು. ತುಂಡು ಬಿಗಿಯಾದರೆ ನೆಕ್ ನಡುವಿಗೆ ಎಳೆದು ಸುಕ್ಕಾಗುತ್ತದೆ, ಹಾಗಾಗಿ ಬ್ಲೌಸ್ ಹಾಕಿಕೊಂಡೇ ಬಟನ್ ಜಾಗ ಗುರುತಿಸಿ.

ಸೆರಗು, ದುಪ್ಪಟ್ಟ

ಹತ್ತಿ, ರೇಷ್ಮೆ ಸೀರೆಯಾದರೆ ಸೆರಗೇ ಮುಚ್ಚುತ್ತದೆ, ನೆಕ್ ಅರ್ಧ ಇಂಚು ಹೆಚ್ಚಾದರೂ ನಡೆದೀತು. ನೆಟ್, ಶಿಫಾನ್ ಆದರೆ ಸೆರಗನ್ನು ಲೆಕ್ಕಕ್ಕೇ ಹಿಡಿಯಬೇಡಿ. ಸೆರಗಿನ ನೆರಿಗೆ ನಾಲ್ಕು ಬೆರಳಿಗೆ ಮಡಿಸಿ ಭುಜಕ್ಕೆ ಚುಚ್ಚಿದರೆ ಅದು ಎದೆಯ ಮೇಲಿಂದ ಜಾರಿ ನಡುವೆ ಹಗ್ಗದಂತೆ ಸೇರುತ್ತದೆ. ನೆರಿಗೆಯ ಮೊದಲ ಅಂಚನ್ನು ಎದೆಯ ಪೂರ್ತಿ ಅಗಲಕ್ಕೆ ಬಿಡಿಸಿ, ನೆಕ್ಕಿನ ಕೆಳಗೆ ಬ್ಲೌಸಿಗೆ ಒಳಗಿಂದ ಇನ್ನೊಂದು ಪಿನ್ ಹಾಕಿ. ಪಿನ್ನಿನ ಹಿಂದೆ ಬಟ್ಟೆಯ ಚೂರೊಂದಿಟ್ಟರೆ ಸೀರೆ ಹರಿಯದು.

ಸ್ಕೂಟಿ ಓಡಿಸುವವರು, ಹಿಂದೆ ಕೂರುವವರು ದುಪ್ಪಟ್ಟ ನಂಬಿ ಡೀಪ್ ನೆಕ್ ಹೊಲಿಸಬೇಡಿ. ಗಾಳಿಗೆ ಅದು ನಿಲ್ಲುವುದಿಲ್ಲ. ಅದಕ್ಕಿಂತಲೂ, ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಕುತ್ತು. ದುಪ್ಪಟ್ಟ ಬೇಕೇಬೇಕಾದರೆ ಎರಡೂ ತುದಿ ಸೊಂಟದ ಪಕ್ಕದಲ್ಲಿ ಗಂಟು ಹಾಕಿ. ನರಸಾಪುರದ ಫ್ಯಾಕ್ಟರಿ ಬಸ್ಸು ಹಿಡಿಯಲು ಓಡುವವರಿಗೆ, ತೋಟದಲ್ಲಿ ಟೊಮ್ಯಾಟೊ ಕೀಳುವವರಿಗೆ ಅದರ ಗೊಡವೆಯೇ ಬೇಡ, ನೆಕ್ಕೇ ಮುಚ್ಚಬೇಕು. ನೈಟಿಯಲ್ಲೇ ಅಂಗಡಿಯ ಕಡೆ ಹೊರಟಾಗ ಮೇಲೆ ಟವೆಲ್ ಹೊದ್ದುಕೊಳ್ಳುವುದು ಇದ್ದೇ ಇದೆ. ಆ ಟವೆಲ್ಲಿನ ಬದಲು ನೈಟಿಯ ಜಿಪ್ಪಿನ ಮೇಲ್ತುದಿಗೊಂದು ಟಿಚ್ ಬಟನ್ ಹಾಕಿಕೊಂಡರೆ ಕೈ ಖಾಲಿ ಇರುತ್ತದೆ.

ಟೈಲರಿಗೆ ಕೊಡುವ ಚೀಟಿ

ಬಾಯಲ್ಲಿ ಹೇಳಿದ್ದು ಶ್ರಾವಣದ ಗಲಾಟೆಯಲ್ಲಿ ಉಳಿಯುವುದಿಲ್ಲ. ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ಬೇಕಾದ ಬ್ಲೌಸನ್ನು ಆಷಾಢದಲ್ಲೇ ಕೊಟ್ಟುಬಿಡಿ, ಟ್ರಯಲ್ ನೋಡಿ ತಿದ್ದಲು ಸಮಯ ಸಿಗುತ್ತದೆ. ಬಟ್ಟೆಯ ಜೊತೆ ಇಂಥದೊಂದು ಚೀಟಿ ಪಿನ್ ಮಾಡಿ, ನಂಬರ್ ನಿಮ್ಮದು ಹಾಕಿಕೊಳ್ಳಿ:

ಎದೆ 40, ಮೇಲೆದೆ 36, ಎದೆ ಕೆಳಗೆ 34. ಭುಜದಿಂದ ಪಾಯಿಂಟ್ 10½, ಪಾಯಿಂಟಿಂದ ಪಾಯಿಂಟ್ 8. ಕಟೋರಿ. ಮುಂದಿನ ನೆಕ್ ಹೊಲಿದ ಮೇಲೆ 5½, ಹಿಂದೆ 7, ಅಗಲ 6. ನೆಕ್ಕಿನೊಳಗೆ ಟೇಪು. ಹುಕ್ 7, ಒಂದು ಪಾಯಿಂಟ್ ಮಟ್ಟಕ್ಕೆ. ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಬಿಡಿ. ಹುಕ್ ಹಾಕುವ ಮೊದಲು ಟ್ರಯಲ್‌ಗೆ ಕರೆಯಿರಿ.